ಬಿ.ಎ. ಹೊಟ್ಟೆ ಮತ್ತು ಭೂಮಿ ಹುಣ್ಣಿಮೆಯ ಸೊಪ್ಪು

ಗದ್ದೆಯ ಬದುವಿನ ಮೇಲೆ ಬಾಳೆಲೆ ಹಾಸಿಕೊಂಡು ಮನೆಮಂದಿಯೆಲ್ಲ ಉಣ್ಣುತ್ತಿದ್ದರು. ನಾನೊಬ್ಬ ಕೈಕಟ್ಟಿ ಕೂತಿದ್ದೆ. ಅರವತ್ತರ ದಶಕದ ಕೊನೆಯ ಹೊತ್ತಿನ ಒಂದು ಭೂಮಿ ಹುಣ್ಣಿಮೆ ಅದು.

ತೆನೆ ಹೊರಬೀಳುವ ಮೊದಲು ಭತ್ತ ಹೊಡೆ ಕಟ್ಟುವ ಹೊತ್ತಿಗೆ ಭೂಮಿ ಬಸುರಿ ಎಂದು ನಮ್ಮ ಕಡೆಯವರ ಲೆಕ್ಕ. ಬಸುರಿಯ ಬಯಕೆ ತೀರಿಸಬೇಕು. ಹಿಂದಿನ ದಿನ ಬೇಲಿ, ಹಿತ್ತಲು, ಗುಡ್ಡ ಎಲ್ಲ ಸುತ್ತಿ ಕಣ್ಣಿಗೆ ಬಿದ್ದ ಸೊಪ್ಪು, ಕುಡಿ, ಕಾಯಿ ಎಲ್ಲವನ್ನೂ ಕುಯ್ದು ತಂದು, ಅಕ್ಕಿಯ ಜೊತೆ ಒಂದೇ ಹಂಡೆಯಲ್ಲಿ ಬೇಯಿಸುತ್ತಾರೆ. ಬೆಳಕು ಹರಿಯುವ ಮೊದಲು ಅದನ್ನು ಗದ್ದೆಯ ಮೂಲೆಮೂಲೆಗೂ ಕೂಗುತ್ತಾ ಚೆಲ್ಲುತ್ತಾರೆ. ಪೂಜೆ ಮುಗಿದ ಮೇಲೆ ಮನೆಯವರು ಅಲ್ಲೇ ಕೂತು ಉಣ್ಣಬೇಕು. ನಮ್ಮ ಮನೆಯ ಪದ್ಧತಿಯಲ್ಲಿ ಮೊದಲ ತುತ್ತು ಆ ಬೆರಕೆ ಸೊಪ್ಪಿನದೇ. ಅದೂ ಖಾಲಿ ಹೊಟ್ಟೆಗೆ. ಕಡುಬು, ಪಾಯಸ ಎಲ್ಲ ಆಮೇಲೆ.

"ಎಂತನಾ, ಉಣ್ಣದಿಲ್ವ?" ಅಂದರು ಅಪ್ಪಯ್ಯ.

"ಡಾಕ್ಟ್ರು ಸೊಪ್ಪು ಮುಟ್ಬೇಡ ಅಂದಾರೆ ಅಪ್ಪಯ್ಯ."

"ಡಾಕ್ಟ್ರು ಗದ್ದೆ ಮಾಡ್ತಾರನಾ?"

ಪಕ್ಕದ ಗದ್ದೆಯಲ್ಲಿ ಉಣ್ಣುತ್ತಿದ್ದ ದೊಡ್ಡಪ್ಪ ಅಲ್ಲಿಂದಲೇ ಕೂಗಿದ. "ಬಿಡಾ ತಮ್ಮಾ, ಅದು ಬಿ.ಎ. ಹೊಟ್ಟೆ. ಕೆಸಿನ ಸೊಪ್ಪು ಕಂಡ್ರೆ ಇಂಗ್ಲಿಷ್ನಾಗೆ ಬೈತದೆ!"

ಎರಡೂ ಗದ್ದೆಯವರು ನಕ್ಕರು. ಅಪ್ಪಯ್ಯ ನಗಲಿಲ್ಲ. ಅರ್ಧ ಉಂಡ ಎಲೆಯನ್ನು ಮಡಚಿ ಎದ್ದರು. ಮನೆಯ ಕಡೆ ನಡೆಯುವಾಗ, ಹಿಂದೆ ತಿರುಗಿಯೂ ನೋಡದೆ ಹೇಳಿದರು: "ಬರೋ ವರ್ಷ ಉಣ್ಣಹಂಗಿದ್ರೆ ಹಬ್ಬಕ್ಕೆ ಬಾ. ಇಲ್ದಿದ್ರೆ ಸಾಗರದಲ್ಲೇ ಇರು. ಭೂಮಿಗೆ ಬಡಿಸಿದ್ದನ್ನ ಮನೆಮಗನೇ ಬ್ಯಾಡ ಅಂದ್ರೆ, ನಾನು ಯಾವ ಮುಖ ಹೊತ್ಕಂಡು ಬೆಳೆ ಕೇಳದು?"

ಅವರಿಗೆ ನೋವಾದದ್ದು ಬರೀ ಅದಕ್ಕಲ್ಲ. ಹಿಂದಿನ ಸಂಜೆ ನಾನು ಬಸ್ಸಿಳಿದು ಬಂದಾಗ ಕೈಯಲ್ಲಿ ಒಂದು ಚೀಲವಿತ್ತು. ಅದರಲ್ಲಿ ಸಾಗರದ ಅಂಗಡಿಯಿಂದ ತಂದ ಮಿಲ್ಲಿನ ಬಿಳಿ ಅಕ್ಕಿ ಇತ್ತು. ಅಪ್ಪಯ್ಯ ಜಗುಲಿಯಲ್ಲಿ ಕೂತು ಎಲೆಅಡಿಕೆಯ ಕವಳ ಹಾಕುತ್ತಿದ್ದವರು ಚೀಲ ಬಿಚ್ಚಿ, ಬೊಗಸೆಯಲ್ಲಿ ಎತ್ತಿ ನೋಡಿ, ಹಾಗೇ ಚೀಲದೊಳಗೆ ಸುರಿದಿದ್ದರು. ಆಮೇಲೆ ಅವ್ವನ ಹತ್ತಿರ, ನನಗೆ ಕೇಳುವ ಹಾಗೆ: "ಅಕ್ಕಿ ಬೆಳೆಯೋ ಮನೆಗೆ ಅಕ್ಕಿ ತಂದಾನಲ್ಲೇ ಇವ್ನು!"

ಹೀಗಾದದ್ದು ಹೇಗೆ ಅಂತ ಹೇಳಬೇಕು.

ಅರಳಸುರಳಿಯ ಕಡೆ ನಮ್ಮದು ಗೇಣಿ ಒಕ್ಕಲು. ಗದ್ದೆ ಒಡೆಯರದು, ಬೆವರು ನಮ್ಮದು. ನಮ್ಮ ವಂಶದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಮಾಡಿದವನು ನಾನೇ ಮೊದಲಿಗ. ತೀರ್ಥಹಳ್ಳಿಯಲ್ಲಿ ಹೈಸ್ಕೂಲು, ಶಿವಮೊಗ್ಗದಲ್ಲಿ ಉಚಿತ ಹಾಸ್ಟೆಲ್ಲು, ರಜೆಯಲ್ಲಿ ಸೌದೆ ಒಡೆಯುವ ಕೆಲಸ, ಹೀಗೆ ಓದಿ ಬಿ.ಎ. ಮಾಡಿದೆ. ಆ ಎರಡಕ್ಷರ ಹೆಸರಿನ ಮುಂದೆ ಬರೆಯುವಾಗ ಈಗಲೂ ನನ್ನ ಪೆನ್ನು ಸ್ವಲ್ಪ ಒತ್ತಿಯೇ ಬರೆಯುತ್ತದೆ. ಅದರಲ್ಲಿ ನನಗೇನೂ ನಾಚಿಕೆ ಇಲ್ಲ. ಸಾಗರದ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರ ಕೆಲಸ ಸಿಕ್ಕಿತು. ಒಂದು ಮನೆಯ ಹೊರಕೋಣೆ ಬಾಡಿಗೆಗೆ ಹಿಡಿದೆ.

ಆ ಮೊದಲ ವರ್ಷವೇ ಹೊಟ್ಟೆ ಕೆಟ್ಟಿತು. ಬೆಳಗ್ಗೆ ಹೊಕ್ಕುಳಿನ ಕೆಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗೆ ನೋವು. ಎರಡು ಮೂರು ಸಲ ಓಡಬೇಕು. ಓಡಿ ಬಂದರೆ ನೋವು ಮಾಯ. ಮತ್ತೆ ಕೆಲವು ದಿನ ಹೊಟ್ಟೆ ಕಲ್ಲು, ಏನೂ ಇಲ್ಲ. ಪಾಠ ಮಾಡುತ್ತಾ ಮಾಡುತ್ತಾ ಗುಡುಗುಡು ಶುರುವಾದರೆ ಮಕ್ಕಳಿಗೆ ಪ್ರಬಂಧ ಬರೆಯಲು ಕೊಟ್ಟು ಹಿತ್ತಲಿಗೆ ಹೋಗುತ್ತಿದ್ದೆ. ನನ್ನ ತರಗತಿಯ ಮಕ್ಕಳು ಪ್ರಬಂಧದಲ್ಲಿ ಬಹಳ ಮುಂದಿದ್ದಾರೆಂದು ಹೆಡ್ಮಾಸ್ಟರು ಹೊಗಳಿದ್ದೂ ಉಂಟು.

ಊರಲ್ಲಿ ಅವ್ವ ಒಂದೇ ಮಾತು ಹಿಡಿದಳು. "ಯಾರೋ ಮದ್ದು ಹಾಕ್ಯಾರೆ. ಹೊಟ್ಟೆಕಿಚ್ಚಿಗೆ ಅನ್ನದಾಗೆ ಹಾಕ್ಕೊಟ್ಟಾರೆ. ಹುಲಿಕಲ್ ಕಡೆ ಒಬ್ರು ಕಕ್ಕಿಸಿ ತೆಗೀತಾರಂತೆ, ಬಾರಾ ಹೋಗನ."

ಅಪ್ಪಯ್ಯ ಅಂದರು: "ಮದ್ದು ಹಾಕಿದ್ದು ಕಾಲೇಜು. ಅದನ್ನ ಯಾರು ತೆಗೀತಾರೆ?"

ನಾನು ಹೋಗಲಿಲ್ಲ. ಸಾಗರದಲ್ಲಿ ಮೈಸೂರು ಕಡೆಯ ಒಬ್ಬ ಡಾಕ್ಟರಿದ್ದರು. ಅವರು ಕೊಕ್ಕೆಹುಳ ಇದೆಯೇ ನೋಡಿಸಿದರು, ಆಮಶಂಕೆ ನೋಡಿಸಿದರು, ಹೊಟ್ಟೆಯನ್ನು ಹಲಸಿನ ಹಣ್ಣಿನ ಹಾಗೆ ತಟ್ಟಿ ತಟ್ಟಿ ನೋಡಿದರು. ಕೊನೆಗೆ, "ಏನೂ ಇಲ್ಲ ಮೇಷ್ಟ್ರೇ" ಅಂದರು.

"ಏನೂ ಇಲ್ಲದಿದ್ದರೆ ನೋಯೋದು ಯಾಕೆ ಸಾರ್?"

"ಕರುಳಿಗೆ ಗಾಯ ಇಲ್ಲ, ಹುಳ ಇಲ್ಲ. ಆದರೆ ಅದು ಸಿಡುಕಿನ ಕರುಳು. ಸಣ್ಣದಕ್ಕೂ ಹಿಡ್ಕೊಳುತ್ತೆ. ಸ್ವಲ್ಪ ದಿನ ಸೊಪ್ಪು, ಸಿಪ್ಪೆ, ಬೀಜ, ನಾರು ಎಲ್ಲ ಬಿಟ್ಟುಬಿಡಿ. ಮೆತ್ತಗಿನ ಅನ್ನ, ಗಂಜಿ, ಮಜ್ಜಿಗೆ, ಬಾಳೆಹಣ್ಣು. ಅಷ್ಟೇ."

ಗಾಯವಿಲ್ಲದ ನೋವು, ಹೆಸರಿಲ್ಲದ ರೋಗ. ಮದ್ದು ಹಾಕಿದ್ದಾರೆ ಎನ್ನುವ ಅವ್ವನ ಮಾತಿಗಿಂತ ಇದು ಹೇಗೆ ಹೆಚ್ಚು ತಿಳಿವಳಿಕೆಯದು ಎಂದು ನನಗೆ ಗೊತ್ತಾಗಲಿಲ್ಲ. ಆದರೂ ಹೇಳಿದ ಹಾಗೆ ಮಾಡಿದೆ. ಸಾಗರದಲ್ಲಿ ಅಂಗಡಿ ಅಕ್ಕಿಯ ಗಂಜಿ ಕುಡಿದು ತಿಂಗಳೊಪ್ಪತ್ತಿನಲ್ಲಿ ಹೊಟ್ಟೆ ತಣ್ಣಗಾಯಿತು. ಬೇಸಿಗೆ ರಜೆಗೆ ಖುಷಿಯಿಂದ ಊರಿಗೆ ಹೋದೆ. ಗಂಜಿಯನ್ನೇ ಮಾಡು ಎಂದು ಅವ್ವನಿಗೆ ಹೇಳಿದೆ. ಮಾಡಿದಳು. ಮಾರನೇ ದಿನವೇ ಮತ್ತೆ ಓಟ. ಸಾಗರಕ್ಕೆ ವಾಪಸು ಬಂದೆ, ವಾಸಿಯಾಯಿತು. ಮತ್ತೆ ಊರಿಗೆ ಹೋದೆ, ಮತ್ತೆ ಅದೇ.

ಅಲ್ಲೂ ಗಂಜಿ, ಇಲ್ಲೂ ಗಂಜಿ. ಬೇರೆ ಏನೂ ತಿಂದಿಲ್ಲ. ಹಾಗಾದರೆ ಕೆಡಿಸುತ್ತಿರುವುದು ಏನು? ಊರಿನ ನೀರೇ? ಮನೆಯೇ? ನನ್ನ ಮನೆಯ ಅನ್ನವೇ ನನಗೆ ಆಗುವುದಿಲ್ಲವೇ? ಮನೆಯವರೂ ಬಾಯಿಬಿಟ್ಟು ಹೇಳದೆ ಅದನ್ನೇ ಯೋಚಿಸುತ್ತಿದ್ದರು. ಅವ್ವ ಗಂಜಿಯ ತಟ್ಟೆ ಮುಂದಿಡುವಾಗ ನನ್ನ ಮುಖ ನೋಡುವುದನ್ನೇ ಬಿಟ್ಟಳು.

ಡಾಕ್ಟರಿಗೆ ಇದನ್ನು ಹೇಳಿದಾಗ ಅವರು ಕೇಳಿದರು: "ಊರಲ್ಲಿ ಗಂಜಿ ಯಾವ ಅಕ್ಕಿದು?"

ಇದೆಂಥ ಪ್ರಶ್ನೆ ಅನ್ನಿಸಿತು. ಅಕ್ಕಿ ಅಂದರೆ ಅಕ್ಕಿ. ಒನಕೆಯಲ್ಲಿ ಕುಟ್ಟಿದ ಕೆಂಪಕ್ಕಿ. ಮಗನಿಗೆ ಶಕ್ತಿ ಬರಲಿ ಎಂದು ಅವ್ವ ತೌಡು ಹೆಚ್ಚು ಹೋಗದ ಹಾಗೆ ಮೆಲ್ಲಗೆ ಕುಟ್ಟಿ, ಆಯ್ದು ಇಟ್ಟ ಅಕ್ಕಿ.

"ಅಲ್ಲೇ ಇದೆ ನೋಡಿ" ಅಂದರು ಡಾಕ್ಟರು. "ಆ ಕೆಂಪು ಪದರ ಸೊಪ್ಪಿನ ನಾರಿಗಿಂತ ಕಡಿಮೆ ಏನಲ್ಲ. ನೀರಲ್ಲಿ ಎಷ್ಟು ಬೇಯಿಸಿದರೂ ಕರಗಲ್ಲ. ಸದ್ಯಕ್ಕೆ ಊರಿಗೆ ಹೋದರೂ ಬಿಳಿ ಅಕ್ಕಿ ತಗೊಂಡು ಹೋಗಿ."

ಅದಕ್ಕೇ ಆ ಚೀಲ. ಅದಕ್ಕೇ ಗದ್ದೆಯಲ್ಲಿ ಕೈಕಟ್ಟಿ ಕೂತದ್ದು. ಆದರೆ ಇದನ್ನು ಅಪ್ಪಯ್ಯನಿಗೆ ಹೇಗೆ ಹೇಳುವುದು? ನೀವು ಬೆಳೆದು, ಅವ್ವ ಪ್ರೀತಿಯಿಂದ ಕುಟ್ಟಿದ ಅಕ್ಕಿಯೇ ನನ್ನನ್ನು ನೋಯಿಸುತ್ತಿದೆ ಎಂದು ಯಾವ ಬಾಯಿಂದ ಹೇಳಲಿ? ಹೇಳಿದರೂ, ತಿಂದು ಬೆಳೆದ ಅನ್ನ ಓದಿದ ಮೇಲೆ ಆಗದೆ ಹೋಯಿತೇ ಎಂದು ಕೇಳಿದರೆ ನನ್ನ ಹತ್ತಿರ ಉತ್ತರವಿರಲಿಲ್ಲ. ಹಾಸ್ಟೆಲ್ಲಿಗೆ ಹೋಗುವ ತನಕ ಅದೇ ಅಕ್ಕಿ, ಅದೇ ಕೆಸು, ಅದೇ ಬಿದಿರ ಕಳಲೆ ತಿಂದು ಕಲ್ಲು ಅರಗಿಸುವ ಹಾಗೆ ಇದ್ದವನು ನಾನು. ಡಾಕ್ಟರಿಗೂ ಉತ್ತರ ಗೊತ್ತಿರಲಿಲ್ಲ. "ಕೆಲವರಿಗೆ ಹೀಗಾಗುತ್ತೆ" ಅಂದರು. ಅದು ಉತ್ತರವೇ?

ಹಬ್ಬ ಮುಗಿಸಿ ವಾಪಸಾದವನು ನೆಟ್ಟಗೆ ಡಾಕ್ಟರ ಹತ್ತಿರ ಹೋಗಿ ಕೂತೆ. "ಸಾರ್, ಮುಂದಿನ ಭೂಮಿ ಹುಣ್ಣಿಮೆ ಹೊತ್ತಿಗೆ ನಾನು ಸೊಪ್ಪು ತಿನ್ನಬೇಕು. ಇಲ್ಲದಿದ್ದರೆ ನನ್ನ ಮನೆ ಹೋಗುತ್ತೆ."

ಅವರು ನಗಲಿಲ್ಲ. "ತಿನ್ನಲೇಬೇಕು. ಜೀವನವಿಡೀ ಗಂಜಿ ಕುಡಿದರೆ ಆಗಲ್ಲ. ಆದರೆ ಜಗಳವಾದ ನೆಂಟರ ಮನೆಗೆ ಮತ್ತೆ ಹೋಗೋ ಹಾಗೆ ಹೋಗಬೇಕು. ಮೊದಲು ಜಗುಲಿ. ಅಲ್ಲಿ ಕೂರಿಸಿದರೆ ನಡುಮನೆ. ಅಡಿಗೆಮನೆ ಕೊನೆಗೆ."

ಜಗುಲಿ ಅಂದರೆ ಸಿಪ್ಪೆ, ಬೀಜ ತೆಗೆದು ಚೆನ್ನಾಗಿ ಬೇಯಿಸಿದ ಬೂದುಗುಂಬಳ. ಅದು ಒಗ್ಗಿದರೆ ಹೀರೆಕಾಯಿ, ಅದೂ ಸಿಪ್ಪೆ ಹೆರೆದದ್ದು. ಆಮೇಲೆ ದಂಟು ಬಿಟ್ಟು ಎಲೆ ಮಾತ್ರ ಸಣ್ಣಗೆ ಹೆಚ್ಚಿ ಬೇಯಿಸಿದ ಬಸಳೆ. ಆಮೇಲೆ ಬಿಳಿ ಅಕ್ಕಿಯೊಳಗೆ ಒಂದು ಚಿಟಿಕೆ ಕೆಂಪಕ್ಕಿ, ನಿಧಾನಕ್ಕೆ ಒಂದು ಮುಷ್ಟಿ. ಕಳಲೆ, ಬಾಳೆದಿಂಡು ಎಲ್ಲಕ್ಕಿಂತ ಕೊನೆಗೆ. ಒಂದು ಸಲಕ್ಕೆ ಒಂದೇ ಹೊಸ ಪದಾರ್ಥ. ಅದು ಹಿಡಿದು ನಿಂತ ಮೇಲೆ ಮುಂದಿನದು. ಖಾಲಿ ಹೊಟ್ಟೆಗೆ ಯಾವುದೂ ಬೇಡ. ಮೊದಲು ನಾಲ್ಕು ತುತ್ತು ಮೆತ್ತಗಿನ ಅನ್ನ, ಅದರ ಮೇಲೆ ಸೊಪ್ಪು. ಕೆಟ್ಟರೆ ಒಂದು ಹೆಜ್ಜೆ ಹಿಂದೆ ಬರಬೇಕು, ಪೂರ್ತಿ ಓಡಿಹೋಗಬಾರದು.

ಕೇಳುವಾಗ ಬಹಳ ಸರಳ. ಬಿ.ಎ.ಯಲ್ಲಿ ನನಗೆ ತರ್ಕಶಾಸ್ತ್ರ ಒಂದು ವಿಷಯವಾಗಿತ್ತು. ಒಂದೇ ಕಾರಣಕ್ಕೆ ಒಂದೇ ಪರಿಣಾಮ ಎಂದು ಓದಿ ಪಾಸಾಗಿದ್ದೆ. ನನ್ನ ಹೊಟ್ಟೆ ಆ ಪುಸ್ತಕ ಓದಿರಲಿಲ್ಲ.

ಬೂದುಗುಂಬಳ ಸುಮ್ಮನೆ ಒಳಗೆ ಹೋಯಿತು. ಹೀರೆಕಾಯಿಯೂ ಹೋಯಿತು. ಬಸಳೆಯ ದಿನ ಮನೆಯೊಡತಿ, ಅಡಿಕೆ ತೋಟದವರ ಮನೆಯ ಹೆಂಗಸು, ಕಿಟಕಿಯಿಂದ ಇಣುಕಿ ನೋಡಿದರು. "ಎಂತ ಮಾಸ್ತರೇ, ಎಲೆ ಮಾತ್ರ ಹೆಚ್ತಾ ಇದ್ರಲೀ. ದಂಟು ಎಂತ ಪಾಪ ಮಾಡಿತ್ತು?"

"ದಂಟು ಮುಂದಿನ ತಿಂಗಳು ಅಮ್ಮಾ."

"ಅಷ್ಟರೊಳಗೆ ಎಂಗಳ ಚಪ್ಪರದಲ್ಲಿ ಹೊಸ ಬಳ್ಳಿ ಬತ್ತು!" ಎಂದು ನಗುತ್ತಾ ಹೋದರು.

ಸೋಮವಾರ ತಿಂದ ಬಸಳೆ ಏನೂ ಮಾಡಲಿಲ್ಲ. ಗುರುವಾರ ಅದೇ ಬಳ್ಳಿಯ ಎಲೆ, ಅದೇ ಪಾತ್ರೆ, ಅಷ್ಟೇ ಹೊತ್ತು ಬೇಯಿಸಿದ್ದು ರಾದ್ಧಾಂತ ಮಾಡಿತು. ಹಿಂದೆ ಸರಿದೆ. ಮತ್ತೆ ತಿಂದೆ, ಏನೂ ಆಗಲಿಲ್ಲ. ಕೆಂಪಕ್ಕಿ ಚಿಟಿಕೆ ಹಾಕಿದಾಗ ನೋವು ಬಂತು, ಅದಕ್ಕಿಂತ ಹೆಚ್ಚು ಹಾಕಿದ ವಾರ ಬರಲಿಲ್ಲ. ಊರಿಗೆ ಹೋಗಲು ಹೊಸನಗರದಲ್ಲಿ ಬಸ್ಸು ಬದಲಿಸಬೇಕಿತ್ತು. ಅಲ್ಲಿ ಬಸ್ಸಿಗೆ ಕಾಯುವಾಗ ನೀರು ಬಿಟ್ಟು ಏನೂ ಕುಡಿಯದಿದ್ದರೂ ಹೊಟ್ಟೆ ಹಿಂಡುತ್ತಿತ್ತು. ಒಂದು ಭಾನುವಾರ ಶಾಲೆಯ ಮಕ್ಕಳನ್ನು ಇಕ್ಕೇರಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಮಕ್ಕಳು ಬುತ್ತಿಯಲ್ಲಿ ತಂದ ಹಸಿ ಸೌತೆಕಾಯಿ ಸಮೇತ ಎಲ್ಲ ತಿಂದುಬಿಟ್ಟೆ. ಡಾಕ್ಟರು ಹೇಳಿದ್ದು ನೆನಪಾದದ್ದೇ ತಿಂದ ಮೇಲೆ. ಹೆದರಿ ಕಾದೆ, ಏನೂ ಆಗಲಿಲ್ಲ. ಮಾರನೇ ದಿನ ಬರೀ ಗಂಜಿ ಕುಡಿದು ಶಾಲೆಗೆ ಹೋದೆ. ಶಾಲೆಗಳ ಇನ್ಸ್‌ಪೆಕ್ಟರು ಬಂದು ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತರು. ಮಕ್ಕಳಿಗೆ ಅವತ್ತೂ ಪ್ರಬಂಧ.

"ಇದಕ್ಕೇನು ಹೇಳ್ತೀರಿ ಸಾರ್?" ಎಂದು ಡಾಕ್ಟರನ್ನು ಕೇಳಿದೆ. ಸಿಟ್ಟೂ ಬಂದಿತ್ತು.

"ಇನ್ಸ್‌ಪೆಕ್ಟರಿಗಿಂತ ಸೌತೆಕಾಯಿ ವಾಸಿ ಅಂತೀನಿ" ಅಂದರು.

"ಹಾಗಾದರೆ ಇದು ನಾರಿನದಾ, ಮನಸ್ಸಿನದಾ?"

"ಎರಡೂ ಇರಬಹುದು. ನನಗೂ ಪೂರ್ತಿ ಗೊತ್ತಿಲ್ಲ ಮೇಷ್ಟ್ರೇ. ನೀವು ಹೆಜ್ಜೆ ಮಾತ್ರ ನಿಲ್ಲಿಸಬೇಡಿ."

ಗೊತ್ತಿಲ್ಲ ಎನ್ನುವ ಡಾಕ್ಟರನ್ನು ನಂಬುವುದೋ ಬಿಡುವುದೋ ತಿಳಿಯದೆ, ಬೇರೆ ದಾರಿ ಕಾಣದೆ ನಂಬಿದೆ. ಮಳೆಗಾಲ ಕಳೆಯುವ ಹೊತ್ತಿಗೆ ಬಸಳೆಯ ಎಳೆ ದಂಟು, ಹರಿವೆ, ಅರ್ಧ ಕೆಂಪು ಅರ್ಧ ಬಿಳಿ ಅಕ್ಕಿಯ ಅನ್ನ, ಇಷ್ಟರ ತನಕ ಬಂದಿದ್ದೆ. ಕೆಸು, ಕಳಲೆ ಇನ್ನೂ ದೂರ ಇದ್ದವು. ಭೂಮಿ ಹುಣ್ಣಿಮೆ ಬಂದೇಬಿಟ್ಟಿತು.

ಹಬ್ಬದ ಹಿಂದಿನ ದಿನ ಮನೆ ತಲುಪಿದಾಗ ಅವ್ವ ಸೊಪ್ಪಿನ ರಾಶಿಯ ನಡುವೆ ಕೂತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು. "ಬಂದ್ಯನಾ? ಉಣ್ತೀಯನಾ?" ಎರಡೂ ಒಂದೇ ಉಸಿರಿಗೆ.

"ನೋಡನ" ಅಂದೆ. ನನಗೆ ನಿಜವಾಗಿಯೂ ಗೊತ್ತಿರಲಿಲ್ಲ.

ರಾತ್ರಿಯ ಊಟಕ್ಕೆ ಮೊದಲೇ ಅಪ್ಪಯ್ಯನ ಹತ್ತಿರ ಹೋಗಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಕ್ಕಿಯ ಕೆಂಪು ಪದರದ ಮಾತನ್ನೂ ಮುಚ್ಚಿಡಲಿಲ್ಲ. ಸೊಪ್ಪು ತಿನ್ನುತ್ತೇನೆ, ಆದರೆ ಸ್ವಲ್ಪ. ಮತ್ತೆ ಮೊದಲ ತುತ್ತು ಸೊಪ್ಪಿನದಾದರೆ ಕಷ್ಟ, ನಾಲ್ಕು ತುತ್ತು ಅನ್ನ ಒಳಗೆ ಹೋಗಿರಬೇಕು ಅಂದೆ.

ಅವರು ಕವಳ ಉಗಿದು ಬಂದು ಕೂತರು. "ಪದ್ಧತಿ ನಿನ್ನ ಡಾಕ್ಟ್ರಿಗಿಂತ ಹಳೇದು."

"ಹೌದು ಅಪ್ಪಯ್ಯ."

"ಮತ್ತೆ?"

"ಮತ್ತೆ ಎಂತ ಅಂತ ನಂಗೂ ಗೊತ್ತಿಲ್ಲ. ನೀವೇ ಹೇಳಿ."

ಅವರು ಎದ್ದು ಕೊಟ್ಟಿಗೆಗೆ ಹೋದರು.

ಮುಂಜಾನೆ ಚೆಲ್ಲುವುದು, ಕೂಗುವುದು, ಪೂಜೆ ಎಲ್ಲ ಆಯಿತು. ಬದುವಿನ ಮೇಲೆ ಸಾಲಾಗಿ ಕೂತೆವು. ಬಡಿಸುವುದು ಅವ್ವನ ಕೆಲಸ. ಆದರೆ ನನ್ನ ಎಲೆಯ ಹತ್ತಿರ ಬಂದಾಗ ಅಪ್ಪಯ್ಯ ಅವಳ ಕೈಯಿಂದ ಸೌಟು ತೆಗೆದುಕೊಂಡರು. ಒಂದು ಕ್ಷಣ ಹಂಡೆಯೊಳಗೆ ನೋಡಿದರು. ಸೌಟಿನ ತುದಿಯಲ್ಲಿ ಒಂದಿಷ್ಟು ತೆಗೆದು, ದಪ್ಪ ದಂಟೆಲ್ಲ ವಾಪಸು ಉದುರಿಸಿ, ಎಲೆಯ ತುದಿಗೆ ಹಚ್ಚಿದರು.

"ಇಷ್ಟು ಮೊದಲು ಬಾಯಿಗೆ ಹಾಕು, ಭೂಮಿತಾಯಿ ಲೆಕ್ಕಕ್ಕೆ. ಆಮೇಲೆ ಅನ್ನ ಉಣ್ಣು. ಆಮೇಲೆ ಬೇಕಾದ್ರೆ ಸೊಪ್ಪು."

ಪಕ್ಕದ ಗದ್ದೆಯಿಂದ ದೊಡ್ಡಪ್ಪ ಬಗ್ಗಿ ನೋಡಿದ. "ಎಂತದಾ ಅದು, ಕುಂಕುಮ ಇಟ್ಟಂಗೆ ಬಡಿಸಿದ್ದು?"

"ಸುಮ್ನಿರಾ ಅಣ್ಣಾ" ಅಂದರು ಅಪ್ಪಯ್ಯ. "ಇಲ್ಲಿ ಇಬ್ರು ಬಸುರೇರು ಅದಾರೆ. ಭೂಮಿತಾಯಿಗೆ ಎಲ್ಲಾ ಸೇರ್ತದೆ. ಇವ್ನಿಗೆ ವಾಂತಿ ತಿಂಗಳು."

ನಗು ಎದ್ದಿತು, ನನ್ನ ಬಾಯಿಂದಲೂ. ನಗುತ್ತಲೇ ಆ ಸೊಪ್ಪನ್ನು ಬಾಯಿಗಿಟ್ಟೆ. ಕೆಸು, ಅಮಟೆ, ಹೆಸರು ಗೊತ್ತಿಲ್ಲದ ಇನ್ನೂ ಏನೇನೋ. ಆಮೇಲೆ ಅನ್ನ. ಅನ್ನದ ಮೇಲೆ ಇನ್ನೊಂದು ಚೂರು ಸೊಪ್ಪು. ಅಪ್ಪಯ್ಯ ನನ್ನ ಕಡೆ ನೋಡದೆ ತಮ್ಮ ಎಲೆ ಪೂರ್ತಿ ಖಾಲಿ ಮಾಡಿದರು.

ಆ ದಿನ ಹೊಟ್ಟೆ ಗುಡುಗಿತು. ಸಂಜೆಗೆ ಸ್ವಲ್ಪ ನೋವೂ ಬಂತು, ಹೋಯಿತು. ಕೆಸಿನಿಂದಲೋ, ಹೆದರಿಕೆಯಿಂದಲೋ, ಹಿಂದಿನ ದಿನ ಹೊಸನಗರದ ಬಸ್ಸಿನಲ್ಲಿ ಕುಲುಕಿದ್ದರಿಂದಲೋ ಹೇಳಲಾರೆ. ಇಂದಿಗೂ ಹೇಳಲಾರೆ.

ಮರುದಿನ ಬೆಳಗ್ಗೆ ನಾನು ಬಸ್ಸಿಗೆ ಹೊರಡಲು ಚೀಲ ಕಟ್ಟುತ್ತಿದ್ದೆ. ಅಪ್ಪಯ್ಯ ಅಂಗಳದಲ್ಲಿ ನಿಂತು ಕೇಳಿದರು: "ಹೆಂಗದೆ?"

"ಗೊತ್ತಾಗ್ತಿಲ್ಲ."

"ಓಡಿದ್ಯನಾ?"

"ಒಂದ್ಸಲ."

"ಒಂದ್ಸಲ ನಾನೂ ಓಡ್ತೀನಿ" ಅಂದರು. "ಮಧ್ಯಾಹ್ನದ ಬಸ್ಸಿಗೆ ಹೋಗು. ಕೆಳಗಿನ ಗದ್ದೆ ಬದು ಕುಸಿದದೆ. ಗುದ್ದಲಿ ತಗಂಡು ಬಾ."

ನೌಕರಿ ಸಿಕ್ಕ ಮೇಲೆ ಅವರು ನನಗೆ ಹೇಳಿದ ಮೊದಲ ಕೆಲಸ ಅದು. ಪಂಚೆ ಎತ್ತಿ ಕಟ್ಟಿ ಕೆಸರಿಗಿಳಿದೆ. ಇಬ್ಬರೂ ಮಣ್ಣು ಎತ್ತಿ ಹಾಕುತ್ತಾ ಹೋದೆವು. ಬಿಸಿಲು ಏರುವ ಹೊತ್ತಿಗೆ ಹೊಟ್ಟೆಯಲ್ಲಿ ಏನೋ ಎದ್ದಿತು. ನಾನು ಗುದ್ದಲಿ ಊರಿ ನಿಂತು, ಅದು ಎಲ್ಲಿಗೆ ಹೋಗುತ್ತದೆ ಎಂದು ಕಿವಿಗೊಟ್ಟೆ. ಹಿಂಡಲಿಲ್ಲ, ತಿರುಚಲಿಲ್ಲ. ಸುಮ್ಮನೆ ಖಾಲಿಖಾಲಿ ಅನ್ನಿಸುತ್ತಿತ್ತು.

"ಎಂತಾತಾ? ಮತ್ತೆ ಓಡ್ಬೇಕಾ?" ಅಂದರು ಅಪ್ಪಯ್ಯ.

"ಇಲ್ಲ ಅಪ್ಪಯ್ಯ. ಹಸಿವು ಅಂತ ಕಾಣ್ತದೆ."

"ಕಾಣ್ತದೆ ಅಂತೆ!" ಎಂದು ಅವರು ಮನೆಯ ಕಡೆ ತಿರುಗಿ, ಅವ್ವನಿಗೆ ಕೇಳುವ ಹಾಗೆ ಗಟ್ಟಿಯಾಗಿ ಕೂಗಿದರು. "ಬಡಿಸೇ! ಇಬ್ರಿಗೂ!"